ಸಾವಿರದ ಒಂಬತ್ತು ಹಣತೆ

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ತೆಂಗಿನಕಾಯಿ ಎಣಿಸುವುದರಲ್ಲಿ ನಮ್ಮೂರು ಮತ್ತೋಡಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಊರಿಗೆಲ್ಲ ಹೇಳಿಟ್ಟಿದ್ದೆ. ಹಾಗಾಗಿ ಕಾರ್ತಿಕದ ದೀಪಕ್ಕೆ ದೇವಸ್ಥಾನದ ಅಂಗಳದಲ್ಲಿ ಸಾವಿರದ ಎಂಟು ಹಣತೆ ಜೋಡಿಸುವ ಜವಾಬ್ದಾರಿಯನ್ನು ಕೇಳಿ ಪಡೆದೆ.

ನಮ್ಮಲ್ಲಿ ಕಾಯಿ ಕೊಟ್ಟರೂ ರಾಗಿ ಅಳೆದರೂ ಮೇಲೊಂದಿಷ್ಟು ಕೊಸರು ಹಾಕುವುದು ಪದ್ಧತಿ. ಮನುಷ್ಯರಿಗೇ ಹಾಕುತ್ತೇವೆ, ದೇವರಿಗೆ ಬೇಡವೇ? ಒಂದು ಹಣತೆ ಹೆಚ್ಚಿಗೆ ತಂದು ರಾಶಿಗೆ ಸೇರಿಸಿದೆ. ಎಲ್ಲ ಸಾಲಿನಲ್ಲೂ ಸಮನಾಗಿರುತ್ತವೆ, ಒಂದೂ ಉಳಿಯುವುದಿಲ್ಲ ಎಂದು ಓಣಿಯ ಹೆಂಗಸರಿಗೆ ಸಾರಿದೆ.

ಮೊಮ್ಮಗಳು ಶ್ವೇತಾ ನಕ್ಕಳು. ಬರುವ ವರ್ಷ ದುರ್ಗದ ಕಾಲೇಜಿನಲ್ಲಿ ಲೆಕ್ಕ ಓದುತ್ತೇನೆಂದು ಅವಳ ಹಟ. ಸುಮ್ಮನೆ ಹೊಲಿಗೆ ಕಲಿ ಎಂದು ನನ್ನ ಹಟ. ಮನೆಯಲ್ಲಿ ನನ್ನ ಮಾತು ಮೀರಿ ಅವಳನ್ನು ಸೇರಿಸುವವರಿಲ್ಲ.

"ಅಜ್ಜಿ, ಸಾವಿರದ ಒಂಬತ್ತು ಅವಿಭಾಜ್ಯ ಸಂಖ್ಯೆ. ಒಂದು ಬಿಟ್ರೆ ಅದೇ. ಬೇರೆ ಯಾವುದ್ರಿಂದ್ಲೂ ಸಮ ಭಾಗ ಆಗಲ್ಲ."

"ಸಾಲು ಸರಿಯಾಗಿ ಕುಂತ್ರೆ ನೀನು ಹೊಲಿಗೆಗೆ ಹೋಗ್ಬೇಕು. ಕೂರ್ಲಿಲ್ಲ ಅಂದ್ರೆ ಲೆಕ್ಕನೇ ಓದ್ಕ, ನಾನು ಬಾಯಿ ಬಿಡಲ್ಲ," ಎಂದೆ. ಎಲ್ಲರ ಮುಂದೆ ಎಂದೆ. ಅದೇ ತಪ್ಪಾಯಿತು.

ಸಾಲಿಗೆ ಇಪ್ಪತ್ತೆಂಟು ಇಟ್ಟೆ. ಒಂದು ಉಳಿಯಿತು. ಎಲ್ಲ ತೆಗೆದು ಇಪ್ಪತ್ತನಾಲ್ಕು ಇಟ್ಟೆ. ಮತ್ತೆ ಒಂದು. ಅದೇ ಹಣತೆಯ ಕಿತಾಪತಿ ಇರಬೇಕೆಂದು ಅದನ್ನು ಮೊದಲ ಸಾಲಿಗೇ ತಳ್ಳಿ, ಇಪ್ಪತ್ತೈದರಂತೆ ಜೋಡಿಸಿದೆ. ಒಂಬತ್ತು ಉಳಿದವು!

ಪಕ್ಕದ ಮನೆಯ ಗಂಗಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ನೋಡುತ್ತಿದ್ದಳು. ಒಂದು ತೆಗೆದು ಆಚೆ ಇಡು, ಮುಗಿಯಿತು ಎಂದಳು.

"ದೇವ್ರಿಗೆ ಹಾಕಿದ ಕೊಸರು ವಾಪಸ್ ತಗಂತಾರೇನೇ?" ಎಂದು ಅವಳ ಬಾಯಿ ಮುಚ್ಚಿಸಿದೆ.

ಹೀಗೆ ಬಿಡದೆ ಸಾಲಿಗೆ ಎರಡರಿಂದ ಮೂವತ್ತೊಂದರವರೆಗೆ ಎಲ್ಲವನ್ನೂ ಇಟ್ಟು ನೋಡಿದೆ. ಸೊಂಟ ಹೋಯಿತು, ಸಾಲು ಬರಲಿಲ್ಲ. ಮೂವತ್ತೆರಡಕ್ಕೆ ಕೈಹಾಕಿದಾಗ ಶ್ವೇತಾ ತಡೆದಳು. ಸಾಲಿಗೆ ಇನ್ನೂ ಹೆಚ್ಚು ಇಟ್ಟರೆ ಸಾಲುಗಳ ಸಂಖ್ಯೆಯೇ ಮೂವತ್ತೊಂದನ್ನು ದಾಟುವುದಿಲ್ಲ, ಅಡ್ಡ ನಿಂತು ನೋಡಿದರೆ ನೀನು ಆಗಲೇ ಇಟ್ಟು ನೋಡಿದ್ದೇ ಕಾಣುತ್ತದೆ ಎಂದಳು. ಅಡ್ಡ ನಿಂತು ನೋಡಿದೆ. ಹಾಳಾದ್ದು, ನಿಜ.

"ಹಂಗಾರೆ ದಾರಿನೇ ಇಲ್ವೇನೇ?"

"ಐತೆ. ಎಲ್ಲಾನೂ ಒಂದೇ ಸಾಲಾಗಿ ಇಡಜ್ಜಿ. ಒಂದೂ ಉಳಿಯಲ್ಲ."

ಇಟ್ಟೆವು. ಗರ್ಭಗುಡಿಯ ಮೆಟ್ಟಿಲಿನಿಂದ ಹೊರಟ ಸಾಲು ಅಂಗಳ ದಾಟಿ, ಹಿಟ್ಟಿನ ಗಿರಣಿ ಬಳಸಿ, ಓಣಿಯುದ್ದಕ್ಕೂ ಬಂದು ನಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಮುಗಿಯಿತು. ಆ ಸಂಜೆ ದೇವರಿಗೆ ಸಿಕ್ಕಷ್ಟೇ ಬೆಳಕು ನಮ್ಮ ಎಮ್ಮೆಗೂ ಸಿಕ್ಕಿತು.

"ಈ ಸಂಖ್ಯೆ ನಿನ್ನಂಗೇ ಐತೆ ಕಣವ್ವ. ಯಾರ ಜೊತೆಗೂ ಹೊಂದಲ್ಲ," ಎಂದಳು ಗಂಗಮ್ಮ. ಎಲ್ಲರ ಮುಂದೆ ಆಡಿದ ಮಾತು; ಒಂಟಿ ಸಾಲು ಲೆಕ್ಕಕ್ಕಿಲ್ಲ, ಸೋತೆ ಎಂದು ನಾನೇ ಒಪ್ಪಿಕೊಂಡೆ.

ಶ್ವೇತಾ ಈಗ ದುರ್ಗದಲ್ಲಿ ಲೆಕ್ಕ ಓದುತ್ತಿದ್ದಾಳೆ. ಈ ಸಲದ ಕಾರ್ತಿಕಕ್ಕೂ ನನಗೆ ಕೆಲಸ ಕೊಟ್ಟಿದ್ದಾರೆ. ಎಣ್ಣೆ ಹೊಯ್ಯುವುದು. ಹಣತೆ ಮುಟ್ಟುವ ಹಾಗಿಲ್ಲ.