ಹಾಳಿಗೆ ಹೊಡೆಯುವ ಬಂದೂಕು

ದೇವರ ಹೆಸರು ಹೇಳಿಕೊಂಡು ತಲೆ ತಗ್ಗಿಸಿ ನಡೆಯುವವನ ಎದುರಿಗೇ ಸಿಟ್ಟು ಬರಿಸುವವರೆಲ್ಲ ಯಾಕೆ ಬಂದು ನಿಲ್ಲುತ್ತಾರೋ, ನನಗೆ ಇಂದಿಗೂ ತಿಳಿದಿಲ್ಲ. ಮುಂಜಾನೆ ಲಿಂಗಪೂಜೆ ಮುಗಿಸಿ, ಇವತ್ತು ಯಾರ ಮೇಲೂ ಸಿಟ್ಟಾಗುವುದಿಲ್ಲ ತಂದೆ ಎಂದು ಮಾತು ಕೊಟ್ಟು ಹೊರಗೆ ಬಂದರೆ, ಹೊಸ್ತಿಲ ಮೇಲೇ ಒಬ್ಬ ಕಾಯುತ್ತಿರುತ್ತಾನೆ. ಎಂಬತ್ತರ ದಶಕದ ಕೊನೆಗೆ ನಾನೊಂದು ಬಂದೂಕು ಕೊಳ್ಳಲು ಹೊರಟಾಗಂತೂ ಅಂಥವರು ಪಾಳಿ ಹಚ್ಚಿದರು.

ನಾನು ರಾಣೆಬೆನ್ನೂರಿನಲ್ಲಿ ಹೈಸ್ಕೂಲ್ ಮಾಸ್ತರ. ಎನ್.ಸಿ.ಸಿ. ಹುಡುಗರಿಗೆ ಗುರಿ ಹೊಡೆಯುವುದನ್ನು ಕಲಿಸುತ್ತ ನನಗೇ ಅದರ ರುಚಿ ಹತ್ತಿತ್ತು. ಇರುವೆ ತುಳಿದರೂ ಶಿವ ಶಿವ ಅನ್ನುವವನು ನಾನು. ನನ್ನ ಗುರಿ ಕಪ್ಪು ಚುಕ್ಕೆಯ ಕಾಗದದ ಹಾಳಿ ಮಾತ್ರ. ತೊಂದರೆ ಒಂದೇ, ನಾನು ಎಡಚ. ಶಾಲೆಯ ಬಂದೂಕುಗಳಲ್ಲಿ ಗುಂಡು ಏರಿಸುವ ಹಿಡಿಕೆ ಬಲಕ್ಕಿತ್ತು. ಪ್ರತಿ ಗುಂಡಿಗೂ ಕೈ ದಾಟಿಸಿ ಎಳೆಯಬೇಕು, ಅಷ್ಟರಲ್ಲಿ ಗುರಿ ಕದಲುತ್ತದೆ. ಸಣ್ಣ ಗುಂಡಿನ ಪಂಪ್ ಬಂದೂಕಾದರೆ ನಳಿಗೆಯ ಕೆಳಗಿನ ಕಟ್ಟಿಗೆಯನ್ನು ಹಿಂದಕ್ಕೆಳೆದು ಮುಂದಕ್ಕೆ ದೂಡಿದರಾಯಿತು. ಖಾಲಿ ಕಾಡತೂಸು ಹೊರಗೆ, ಹೊಸದು ಒಳಗೆ. ಎಡಬಲದ ಭೇದವೇ ಇಲ್ಲ. ನಿವೃತ್ತಿಗೆ ಮುಂಚೆ ಒಮ್ಮೆಯಾದರೂ ಅಂಥದ್ದರಿಂದ ಚುಕ್ಕೆಯ ನಡುವಿಗೆ ಹೊಡೆಯಬೇಕು ಎಂಬುದಷ್ಟೇ ನನ್ನ ಆಸೆ.

೧. ವೈರಿ ಯಾರು?

ಲೈಸೆನ್ಸಿಗೆ ಅರ್ಜಿ ಹಾಕಿದ ಮೇಲೆ ವಿಚಾರಣೆಗೆಂದು ಹವಾಲ್ದಾರ ಮನೆಗೆ ಬಂದ. ಕುರ್ಚಿ ಮೇಲೆ ಕೂತು, ಚಹಾ ಕುಡಿದು, ಪುಸ್ತಕ ಬಿಚ್ಚಿ, ಯಾರ ಮೇಲೆ ಸಿಟ್ಟಿದೆ ಎಂದು ಕೇಳಿದ. ಯಾರ ಮೇಲೂ ಇಲ್ಲ ಅಂದೆ. ಹೊಲದ ತಂಟೆ? ಹೊಲವೇ ಇಲ್ಲ. ದಾಯಾದಿಗಳು? ಎಲ್ಲರೂ ಚೆನ್ನಾಗಿದ್ದೇವೆ.

"ಹಂಗಂದ್ರ ಬಂದೂಕ ಯಾಕ್ರಿ ಮಾಸ್ತರ್ರ?"

"ಹಾಳಿಗೆ ಹೊಡ್ಯಾಕಪ್ಪಾ."

ಆತ ಪೆನ್ನು ಕೆಳಗಿಟ್ಟು ಕನಿಕರದಿಂದ ನನ್ನ ಮುಖ ನೋಡಿದ. "ಹಾಳಿ ನಿಮಗೇನ ಮಾಡೇತ್ರಿ?"

ಮತ್ತೊಮ್ಮೆ ತಿಳಿಸಿ ಹೇಳಿದೆ. ಆತ ಮತ್ತೆ ಮೊದಲಿನಿಂದ ಕೇಳಿದ. ಮೂರನೆಯ ಸಲ ಹೊಲದ ತಂಟೆಯ ಹತ್ತಿರ ಬಂದಾಗ, ಶಿವನೇ ಬಲ್ಲ, ಮುಂಜಾನೆ ಕೊಟ್ಟ ಮಾತು ಮರೆತುಹೋಯಿತು. ಗೋಡೆಯ ಮೇಲಿನ ಕ್ಯಾಲೆಂಡರ್ ಅಲುಗುವ ಹಾಗೆ ಒದರಿದೆ. ಹೆಂಡತಿ ಅಡಿಗೆಮನೆಯಿಂದ ಓಡಿ ಬಂದಳು.

ಹವಾಲ್ದಾರ ಮಾತ್ರ ಸಮಾಧಾನದಿಂದ ಪೆನ್ನೆತ್ತಿಕೊಂಡ. "ಈಗ ಒಬ್ಬಾತನ ಮ್ಯಾಲೆ ಬಂತಲ್ರಿ, ಬರಕೋತೇನಿ."

೨. ಸಪ್ಪಳದ ಮಾತು

ಧಾರವಾಡಕ್ಕೆ ಅಲೆದು ಅಲೆದು ಚಪ್ಪಲಿ ಸವೆದ ಮೇಲೆ ಲೈಸೆನ್ಸ್ ಬಂತು. ಹೇಳಿದ ತಾರೀಖಿನೊಳಗೆ ಬಂದೂಕು ಕೊಳ್ಳದಿದ್ದರೆ ಅದು ರದ್ದು, ಮತ್ತೆ ಅರ್ಜಿ, ಮತ್ತೆ ಅದೇ ಹವಾಲ್ದಾರ. ಅಷ್ಟು ನೆನೆದರೇ ನನ್ನ ಹಣೆಯ ವಿಭೂತಿ ಕಾವೇರುತ್ತಿತ್ತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುವ ನನ್ನ ಬಾಲ್ಯದ ಗೆಳೆಯ ಜೋಡಿ ನಳಿಗೆಯದನ್ನೇ ಕೊಳ್ಳು ಎಂದು ಹಟ ಹಿಡಿದ. ಬಂದೂಕು ಅಂದ ಮೇಲೆ ಮೂರು ಓಣಿಗೆ ಕೇಳಬೇಕಂತೆ. ನನ್ನ ಕೆಲಸಕ್ಕೆ ಸಪ್ಪಳ ಬೇಡ, ನಿಶ್ಚಲವಾದ ಕೈ ಬೇಕು ಎಂದು ಅವನ ಮೆಣಸಿನಕಾಯಿ ಮಂಡಿಯಲ್ಲಿ ಕೂತು ಅರ್ಧ ತಾಸು ವಿವರಿಸಿದೆ. ಸಣ್ಣ ಗುಂಡಿನ ಸಪ್ಪಳ ಎಷ್ಟು ಬರುತ್ತದೆ ಎಂದು ಕೇಳಿದ. ಬಾಯಿಂದ ಮಾಡಿ ತೋರಿಸಿದೆ.

ಅದೇ ಹೊತ್ತಿಗೆ ಹೊರಗೆ ಚೀಲ ಹೊರುತ್ತಿದ್ದ ಹಮಾಲನಿಗೆ ಘಾಟು ಏರಿ ಒಂದು ಸೀನು ಬಂತು. ಕಟ್ಟೆಯ ಮೇಲಿನ ಪಾರಿವಾಳಗಳೆಲ್ಲ ಹಾರಿದವು.

"ಲೈಸೆನ್ಸ್ ಅವಗ ಬೇಕಾಗಿತ್ತು ನೋಡು," ಅಂದ ಗೆಳೆಯ.

೩. ಕಣ್ಣೀರು

ಹಾವೇರಿಯ ಬಂದೂಕಿನ ಅಂಗಡಿಯಲ್ಲಿ ನನಗೆ ಬೇಕಾದಂಥದ್ದು ಒಂದೇ ಒಂದಿತ್ತು, ಹಳೆಯದು, ವಿದೇಶದ್ದು. ಗೆಳೆಯ ಮಂಡಿಯಿಂದಲೇ ನೆಟ್ಟಗೆ ನನ್ನ ಜೊತೆ ಬಂದಿದ್ದ. ಬೆಳಕು ಬೀಳಲೆಂದು ಬಿಳಿ ಹಾಳಿಯ ಚೂರು ಒಳಗಿಟ್ಟು ನಳಿಗೆಯಲ್ಲಿ ಇಣುಕಿದೆ. ಸುರುಳಿ ಗೆರೆಗಳು ಸ್ವಚ್ಛವಾಗಿದ್ದವು. ಪಂಪು ಎಳೆದೆ, ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಸರಿಯಿತು. ಆದರೆ ಅಂಗಡಿಯ ಸಾಹೇಬರು, ಇದನ್ನು ಮೇಡ್ಲೇರಿಯ ಒಬ್ಬ ಗೌಡರಿಗೆ ಮಾತು ಕೊಟ್ಟಾಗಿದೆ, ಅವರ ಹೊಲಕ್ಕೆ ಹಂದಿ ಬರುತ್ತವೆ ಎಂದುಬಿಟ್ಟರು. ಹಂದಿ ಓಡಿಸಲು ಇಂಥ ನಾಜೂಕಿನ ಬಂದೂಕೇ! ನನ್ನ ತಾರೀಖಿಗೆ ನಾಲ್ಕು ದಿನ ಉಳಿದಿದ್ದವು.

ಗೆಳೆಯ ತಾನೂ ತಿಳಿದವನ ಹಾಗೆ ಬಂದೂಕಿನ ಹಿಂಭಾಗವನ್ನೆಲ್ಲ ಸವರಿ ಸವರಿ ನೋಡಿ ನನ್ನ ಕೈಗೆ ಕೊಟ್ಟ. ಕೊನೆಯ ಸಲ ಎಂದು ಕೆನ್ನೆ ಆನಿಸಿ ಗುರಿ ಹಿಡಿದೆ. ಎರಡೇ ನಿಮಿಷ. ಕೆನ್ನೆ ಹೊತ್ತಿ ಉರಿಯಿತು, ಉಜ್ಜಿಕೊಂಡ ಕೈ ಕಣ್ಣಿಗೂ ಹೋಯಿತು. ಬಂದೂಕು ಸವರಿದ್ದು ಮುಂಜಾನೆಯಿಂದ ಮೆಣಸಿನಕಾಯಿ ಮುರಿದು ನೋಡಿದ್ದ ಗೆಳೆಯನ ಕೈ! ಅವನನ್ನು ಅಲ್ಲೇ ಝಾಡಿಸಬೇಕೆಂದು ಬಾಯಿ ತೆರೆದರೆ ಬರೀ ಬಿಕ್ಕು ಬಂತು. ಕಣ್ಣೀರು ಧಾರೆಗಟ್ಟಿತು.

ಸಾಹೇಬರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಅಳಬ್ಯಾಡ್ರಿ ಮಾಸ್ತರ್ ಸಾಬ್. ಗೌಡರಿಗೆ ನಾ ಏನರ ಹೇಳ್ತೇನಿ, ಒಯ್ರಿ."

ನಾನು ಸುಳ್ಳು ಹೇಳುವವನಲ್ಲ. ಆ ಹೊತ್ತು ಮಾತಾಡಲು ಬರಲಿಲ್ಲ, ಅಷ್ಟೇ.

೪. ಖಂಡೇಪೂಜೆ

ಐರಣಿಯ ಹತ್ತಿರ ಹೊಳೆದಂಡೆಯ ಮಣ್ಣಿನ ದಿಬ್ಬಕ್ಕೆ ಹಾಳಿ ಹಚ್ಚಲು ಪರವಾನಗಿ ಪಡೆದು, ಸೋಮವಾರ ಮೊದಲ ಗುಂಡು ಎಂದು ನಿಶ್ಚಯಿಸಿದೆ. ಶನಿವಾರ ನೋಟೀಸು ಬಂತು: ಚುನಾವಣೆ ಇದೆ, ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಒಂದು ಗುಂಡೂ ಹೊಡೆಯದ ಬಂದೂಕನ್ನು ಧೋತರದಲ್ಲಿ ಸುತ್ತಿ ಕೊಟ್ಟು ಬಂದೆ.

ಚುನಾವಣೆ ಮುಗಿಯಿತು. ಆರಿಸಿ ಬಂದವರ ಮೆರವಣಿಗೆ ಮುಗಿಯಿತು. ಮಳೆಗಾಲವೂ ಮುಗಿಯಿತು. ಹೋದಾಗಲೆಲ್ಲ ಅದೇ ಹವಾಲ್ದಾರ, ಮೇಲಿನಿಂದ ಆರ್ಡರ್ ಬಂದಿಲ್ಲ ಅನ್ನುತ್ತಿದ್ದ. ಮಹಾನವಮಿಯ ದಿನ ನನ್ನ ಸಹನೆ ತೀರಿತು. ಇವತ್ತು ಪೂಜೆಯಲ್ಲಿ ಮಾತೇ ಕೊಟ್ಟಿಲ್ಲ, ಕ್ಷಮಿಸು ತಂದೆ ಎಂದು ಹೇಳಿ ಹೊರಟೆ. ಏನೇನು ಬೈಯಬೇಕೆಂದು ಹಾದಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಠಾಣೆಯ ಬಾಗಿಲಲ್ಲೇ ಕಾಲು ನಿಂತವು. ಒಳಗೆ ಕಂಬಳಿ ಹಾಸಿ ಬಂದೂಕುಗಳನ್ನೆಲ್ಲ ಸಾಲಾಗಿ ಆಯುಧಗಳ ಖಂಡೇಪೂಜೆಗೆ ಕೂಡಿಸಿದ್ದರು. ನಡುವೆ ನನ್ನದು. ಹಿಡಿಯ ಮೇಲೆ ಮೂರೆಳೆ ವಿಭೂತಿ, ಕುಂಕುಮ, ಪಂಪಿನ ಕಟ್ಟಿಗೆಗೆ ಚೆಂಡು ಹೂವಿನ ಹಾರ, ನಳಿಗೆಯ ತುದಿಗೆ ಲಿಂಬೆಹಣ್ಣು. ಹವಾಲ್ದಾರ ಮಡಿಯಲ್ಲಿ ಕರ್ಪೂರ ಹಚ್ಚುತ್ತಿದ್ದ. ನನಗರಿವಿಲ್ಲದೆ ಚಪ್ಪಲಿ ಬಿಟ್ಟೆ, ಕೈ ಮುಗಿದೆ, ಮಂಗಳಾರತಿಗೆ ದನಿಗೂಡಿಸಿದೆ.

ಪ್ರಸಾದ ಕೊಟ್ಟು ಹವಾಲ್ದಾರ ಹೇಳಿದ, ಆರ್ಡರ್ ಬಂದಿದೆ, ನಾಳೆ ವಿಜಯದಶಮಿಯ ಬನ್ನಿ ಎಲೆ ಕೊಟ್ಟು ತಗೊಂಡ ಮೇಲೆ ಒಯ್ಯಬಹುದು, ಕಾಗದಪತ್ರ ಮಾತ್ರ ಇವತ್ತೇ ಮುಗಿಸೋಣ. ಹಳೇ ಪುಸ್ತಕ ಬಿಚ್ಚಿದ.

"ಅವತ್ತು ಒಬ್ಬಾತನ ಮ್ಯಾಲೆ ಸಿಟ್ಟಿತ್ತಲ್ರಿ, ಅದು ಇನ್ನೂ ಐತೇನ್ರಿ?"

ಎದುರಿಗೆ ದೀಪ ಉರಿಯುತ್ತಿತ್ತು. ಸುಳ್ಳು ಹೇಳುವ ಹಾಗಿರಲಿಲ್ಲ. "ಇಲ್ಲಪ್ಪಾ, ಈಗ ಯಾರ ಮ್ಯಾಲೂ ಇಲ್ಲ," ಅಂದೆ.

ಆತ ಪೆನ್ನು ಕೆಳಗಿಟ್ಟು, ಅದೇ ಕನಿಕರದಿಂದ ನನ್ನ ಮುಖ ನೋಡಿದ.

"ಹಂಗಂದ್ರ ಬಂದೂಕ ಯಾಕ್ರಿ ಮಾಸ್ತರ್ರ?"