ಮಾವನ ವಲ್ಲಿ ಹಿಡಿದ ಜಾಗ

ನಮ್ಮ ಸೋದರಮಾವ ಭೂಮಿಗೆ ಬರುವ ಮೊದಲೇ ಯಾರ ಕೈಯಲ್ಲೋ ತಮ್ಮ ವಲ್ಲಿ ಕೊಟ್ಟು ಕಳಿಸಿ, ಹೊಸದುರ್ಗದಲ್ಲಿ ಒಂದು ಜಾಗ ಹಿಡಿಸಿಟ್ಟು, ಆಮೇಲೆ ನಿಧಾನವಾಗಿ ಹುಟ್ಟಿದರು ಎಂದರೆ ನೀವು ನಂಬಬೇಕಾಗಿಲ್ಲ. ನಾನೂ ನಂಬುವುದಿಲ್ಲ. ಮದ್ರಾಸಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಮಾಡಿದವನು ನಾನು, ಕಣ್ಣಾರೆ ಕಂಡದ್ದನ್ನೂ ಅನುಮಾನಿಸುವ ಚಟ ಅಲ್ಲಿಂದಲೇ ಅಂಟಿಕೊಂಡಿತು. ಆದರೆ ಮಾವನ ಬಾಳನ್ನು ಹತ್ತಿರದಿಂದ ನೋಡಿದ ಮೇಲೆ, ಆ ಸಂಗತಿಯನ್ನು ಪೂರ್ತಿ ಅಲ್ಲಗಳೆಯುವ ಧೈರ್ಯವೂ ನನಗಿಲ್ಲ!

ಮಾವ ಕೊಬ್ಬರಿ ವ್ಯಾಪಾರಿ. ಹೆಗಲ ಮೇಲೆ ಸದಾ ಕೆಂಪಂಚಿನ ಒಂದು ವಲ್ಲಿ. ಬೇರೆಯವರು ವಲ್ಲಿಯನ್ನು ಬೆವರು ಒರೆಸಲು ಇಟ್ಟುಕೊಳ್ಳುತ್ತಾರೆ. ಮಾವ ಇಟ್ಟುಕೊಂಡಿದ್ದು ಜಾಗ ಹಿಡಿಯಲು. ಸಂತೆಯಲ್ಲಿ, ಮಠದ ಜಗಲಿಯಲ್ಲಿ, ಯಾರದೋ ಮದುವೆಯ ಚಪ್ಪರದಲ್ಲಿ ಮೊದಲು ವಲ್ಲಿ ಹೋಗಿ ಕೂರುತ್ತಿತ್ತು, ಹಿಂದಿನಿಂದ ಮಾವ. ಕ್ಷೌರಿಕನ ಮುಂದೆ ಕೂಡ!

ಒಮ್ಮೆ ಚಿಕ್ಕಜಾಜೂರಿನ ಸ್ಟೇಷನ್ನಿನಲ್ಲಿ ರೈಲು ಬಂದು ನಿಲ್ಲುವಷ್ಟರಲ್ಲಿ ಮಾವ ಕಿಟಕಿಯಿಂದ ವಲ್ಲಿ ಎಸೆದು ಜಾಗ ಹಿಡಿದರು. ಜಾಗ ಸಿಕ್ಕಿತಲ್ಲ, ಇನ್ನೇನು ಅವಸರ ಎಂದು ಎಲೆ ಅಡಿಕೆ ಹಾಕಿಕೊಳ್ಳಲು ನಿಂತರು. ರೈಲು ಹೊರಟಿತು. ವಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಆರಾಮವಾಗಿ ಕೂತು ಹರಿಹರದವರೆಗೂ ಹೋಯಿತು. ಹರಿಹರವೋ, ದಾವಣಗೆರೆಯೋ? ನನಗೀಗ ಗಟ್ಟಿಯಾಗಿ ಹೇಳಲು ಬರುವುದಿಲ್ಲ. ಮುಂದಿನ ರೈಲಿನಲ್ಲಿ ಮಾವ ನಿಂತುಕೊಂಡೇ ಹೋಗಿ ಅದನ್ನು ಬಿಡಿಸಿಕೊಂಡು ಬಂದರು. ಮನೆಗೆ ಬಂದವರು ಹೇಳಿದ್ದು ಒಂದೇ ಮಾತು: "ನೋಡ್ದೇನಲೇ ಅಳಿಯ, ಅಲ್ಲೀತನಕ ಒಬ್ರೂ ಅದ್ರ ಮ್ಯಾಲೆ ಕುಂತಿಲ್ಲ!"

ಹಾಲುರಾಮೇಶ್ವರದಲ್ಲಿ ಆದದ್ದು ಇದಕ್ಕಿಂತ ವಿಚಿತ್ರ. ಅಲ್ಲಿ ಜನ ಕೊಳದ ಮುಂದೆ ಕೂತು ಮನಸ್ಸಿನಲ್ಲಿದ್ದುದನ್ನು ಬೇಡಿಕೊಳ್ಳುತ್ತಾರೆ. ನೂಕುನುಗ್ಗಲಿನಲ್ಲಿ ಮಾವ ಎದುರಿಗೇ ವಲ್ಲಿ ಹಾಸಿ, ಕೈಕಾಲು ತೊಳೆದು ಬರಲು ಹೋದರು. ಮರಳಿ ಬಂದಾಗ ವಲ್ಲಿಯ ಮೇಲೆ ಹೂವು, ಬಾಳೆಹಣ್ಣು, ಒಂದು ಊದುಬತ್ತಿ! ಯಾರೋ ಒಬ್ಬರು ಹೂವಿಟ್ಟರು, ಅವರನ್ನು ನೋಡಿ ಇನ್ನೊಬ್ಬರು ಹಣ್ಣಿಟ್ಟರು. ಮಾವ ಬಗ್ಗಿ ವಲ್ಲಿಯ ತುದಿ ಹಿಡಿದು ಎಳೆಯಲು ಹೋದರೆ ಒಬ್ಬ ಹೆಂಗಸು ಗದರಿಸಿದಳು:

"ಏನಪ್ಪ, ನಿಂಗೆ ಭಯಭಕ್ತಿ ಬ್ಯಾಡ್ವಾ? ಮೊದ್ಲು ಅಡ್ಡಬೀಳು!"

ಮಾವ ಸುತ್ತ ನೋಡಿದರು. ತಮ್ಮ ವಲ್ಲಿಗೆ ತಾವೇ ಅಡ್ಡಬಿದ್ದು, ಬರೀ ಹೆಗಲಲ್ಲಿ ಮನೆಗೆ ಬಂದರು.

ಇಷ್ಟು ಹೇಳಿದ ಮೇಲೆ ಊಟದ ಕಥೆಗೆ ಬರಬಹುದು. ಅದರ ಹಿಂದೆ ಒಂದು ಸಣ್ಣ ಸಂಗತಿಯಿದೆ. ನಮ್ಮಪ್ಪ ನಾನು ಚಿಕ್ಕವನಿರುವಾಗಲೇ ತೀರಿಕೊಂಡಿದ್ದರಿಂದ ನಾನೂ ಅವ್ವನೂ ಮಾವನ ಮನೆಯಲ್ಲೇ ಇದ್ದೆವು. ಮಾವನಿಗೆ ಹೆಂಡತಿ ಮಕ್ಕಳಿಲ್ಲ. ಮನೆಗೆ ಬಂದ ಜಂಗಮರು, ವ್ಯಾಪಾರಿಗಳು, ಗಾಡಿ ಹೊಡೆಯುವವರು ಎಲ್ಲರಿಗೂ ಯಜಮಾನ ತನ್ನ ಕೈಯಾರೆ ಬಡಿಸಿ, ಕೊನೆಗೆ ತಾನು ಉಣ್ಣಬೇಕೆಂಬುದು ಆ ಮನೆಯ ರೂಢಿ. ಹಾಗಾಗಿ ಲೋಕದ ಎಲ್ಲ ಕಡೆ ತಮಗೊಂದು ಜಾಗ ಹಿಡಿಯುತ್ತಿದ್ದ ಮಾವ ತಮ್ಮ ಮನೆಯ ಪಂಕ್ತಿಯಲ್ಲಿ ಮಾತ್ರ ಒಂದು ದಿನವೂ ಕೂತವರಲ್ಲ. ಒಂದೇ ಸೂರಿನಡಿ ಬೆಳೆದರೂ ನಾನು ಅವರ ಪಕ್ಕದಲ್ಲಿ ಕೂತು ಉಂಡಿರಲಿಲ್ಲ. ಇದು ನನಗೆ ಹೊಳೆದೇ ಇರಲಿಲ್ಲ. ಅವರಿಗೆ ಹೊಳೆದಿತ್ತು.

ನಾನು ಬಿ.ಎ. ಮುಗಿಸಿ ಬಂದು ದುರ್ಗದ ಸ್ಕೂಲಿಗೆ ಮೇಷ್ಟ್ರಾಗಿ ಹೊರಡುವ ಹೊತ್ತು. ಮಾವ ಹೇಳಿದರು:

"ಲೇ ಅಳಿಯ, ಮಾರಿಕಣಿವೇಲಿ ಕಟ್ಟೆ ಆಗೈತಲ್ಲ, ಅಲ್ಲೊಂದು ಊಟದ ಹೋಟ್ಲಿಟ್ಟವ್ರೆ. ಹೋಗಾಣ ನಡಿ. ಅಲ್ಲಾದ್ರೆ ಬಡಿಸೋರು ಬ್ಯಾರೆ ಇರ್ತಾರೆ. ನಾನೂ ನಿನ್ನ ಪಕ್ಕ ಕುಂತು ಒಂದ್ಸಲ ಉಣ್ತೀನಿ."

ಗಾಡಿ ಕಟ್ಟಿಕೊಂಡು ಹೋದೆವು. ಕಾಲುವೆ ಇಲಾಖೆಯ ನೌಕರರು ಉಣ್ಣುವ ತಗಡಿನ ಚಾವಣಿಯ ಹೋಟೆಲದು. ಬೆಳಿಗ್ಗೆಯೇ ಹೋಗಿ ರಾತ್ರಿ ಊಟಕ್ಕೆ ಎಲೆ ಹೇಳಿ, ತಮ್ಮ ತಮ್ಮ ಚೊಂಬನ್ನು ಕೂರುವ ಜಾಗದಲ್ಲಿ ಇಟ್ಟು ಬರುವುದು ಅಲ್ಲಿನ ಪದ್ಧತಿ. ಚೊಂಬು ಇದ್ದಲ್ಲಿ ಎಲೆ, ಎಲೆ ಇದ್ದಲ್ಲಿ ಆಸಾಮಿ. ಇಂಥ ಪದ್ಧತಿಯನ್ನು ಕಂಡು ಮಾವನ ಮುಖ ಹೇಗೆ ಅರಳಿರಬೇಡ!

"ಎರಡು ಎಲೆ. ಪಕ್ಕಪಕ್ಕ," ಎಂದರು ಮಾವ.

"ಆಗ್ಲಿ ಬಿಡ್ರಿ," ಎಂದ ಹೋಟೆಲಿನವನು.

"ನಡುವೆ ಯಾರೂ ನುಸುಳಬಾರ್ದು."

"ಚೊಂಬು ಕಾವಲೈತಲ್ರಿ. ಯಾವನು ನುಸುಳ್ತಾನೆ?"

ಮಾವ ತಮ್ಮ ದೊಡ್ಡ ಹಿತ್ತಾಳೆ ಚೊಂಬನ್ನೂ ನನ್ನ ಪುಟ್ಟ ಚೊಂಬನ್ನೂ ಒಂದಕ್ಕೊಂದು ತಗಲುವಂತೆ ಇಟ್ಟರು. ಆಮೇಲೆ ದಿನವಿಡೀ ಕಟ್ಟೆ ನೋಡಿದೆವು. ಅಷ್ಟು ನೀರು, ಅಷ್ಟು ಕಲ್ಲು. ಮಾವನ ಬಾಯಲ್ಲಿ ಮಾತ್ರ ಚೊಂಬಿನದೇ ಮಾತು.

ದೀಪ ಹಚ್ಚುವ ಹೊತ್ತಿಗೆ ಹೋಟೆಲಿಗೆ ಬಂದರೆ ಒಳಗೆ ಗದ್ದಲ! ಹೋಟೆಲಿನವನ ತಾಯಿ, ಹಲ್ಲಿಲ್ಲದ ಅಜ್ಜಿ, ಮಧ್ಯಾಹ್ನ ಸುಮ್ಮನೆ ಕೂರಲಾರದೆ ಅಷ್ಟೂ ಚೊಂಬುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿದ್ದಳು. ತಿಕ್ಕಿದವಳು ಅಷ್ಟಕ್ಕೇ ಬಿಡದೆ, ಚಿಕ್ಕವನ್ನೆಲ್ಲ ಒಂದು ಸಾಲಿಗೆ, ದೊಡ್ಡವನ್ನೆಲ್ಲ ಇನ್ನೊಂದು ಸಾಲಿಗೆ ಜೋಡಿಸಿದ್ದಳು. ಕಪ್ಪು ಹಿಡಿದಿದ್ದಾಗ ಎಲ್ಲರಿಗೂ ಗುರುತು ಸಿಗುತ್ತಿದ್ದ ಚೊಂಬು ಹೊಳೆಯತೊಡಗಿದ ಮೇಲೆ ಯಾರಿಗೂ ಗುರುತು ಸಿಗದು. ಮೂಸಿ ನೋಡುವವರು, ಬಡಿದು ನೋಡುವವರು, ಬೇರೆಯವರದನ್ನು ಎದೆಗೆ ಅವುಚಿಕೊಂಡವರು!

"ಏನಜ್ಜೀ ಇದು?" ಎಂದರು ಮಾವ.

"ಚೆಂದಾಗೈತಲ್ಲ? ಸಣ್ಣ ಚೊಂಬಿನೋರು ಅವಸರದ ಮಂದಿ, ಬ್ಯಾಗ ಉಂಡು ಏಳ್ತಾರೆ. ಅವ್ರು ಮೊದ್ಲು ಕುಂತ್ಕಳ್ಳಿ. ದೊಡ್ಡ ಚೊಂಬಿನೋರು ನಿಧಾನಸ್ಥರು, ಆಮ್ಯಾಕೆ."

ಇದರಲ್ಲಿ ದೋಷ ಎಲ್ಲಿದೆ? ಮೂರು ವರ್ಷ ತರ್ಕಶಾಸ್ತ್ರ ಓದಿದ ನನಗೆ ಇವತ್ತಿಗೂ ಸಿಕ್ಕಿಲ್ಲ.

ನಾನು ಮೊದಲ ಪಂಕ್ತಿಗೆ ಬಿದ್ದೆ, ಮಾವ ಎರಡನೆಯದಕ್ಕೆ. ಮಾವ ಬಿಟ್ಟಾರೆಯೇ? ನನ್ನ ಪಕ್ಕದ ಎಲೆಯ ಮುಂದೆ ವಲ್ಲಿ ಹಾಸಿದರು. ಅತ್ತ ಬಂದ ಬಡಿಸುವವನು ಅದನ್ನು ಮಸಿಬಟ್ಟೆ ಎಂದುಕೊಂಡು, "ಸದ್ಯ, ಇಲ್ಲೈತೆ" ಎಂದು ಎತ್ತಿಕೊಂಡು ಹೋಗಿ ಒಲೆಯ ಮೇಲಿಂದ ಸಾರಿನ ಪಾತ್ರೆ ಇಳಿಸಿದ! ಆ ಜಾಗಕ್ಕೆ ಓವರ್ಸಿಯರ್ ಒಬ್ಬ ಬಂದು ಕೂತ.

"ಸ್ವಲ್ಪ ಬ್ಯಾರೆ ಕಡೆ ಕುಂತ್ಕಳ್ರಿ ಸ್ವಾಮಿ. ಇದು ಬೆಳಿಗ್ಗೇನೇ ಹೇಳಿದ ಜಾಗ," ಎಂದರು ಮಾವ.

"ನನ್ನ ಚೊಂಬು ಇಲ್ಲೈತಲ್ರಿ," ಎಂದ ಓವರ್ಸಿಯರ್. ಅವನ ಮುಂದಿದ್ದದ್ದು, ನನಗೆ ಕಂಡಂತೆ, ನನ್ನ ಚೊಂಬು. ನನ್ನ ಮುಂದಿದ್ದದ್ದು ಯಾರದೋ.

ಮಾವ ನನ್ನ ಬೆನ್ನ ಹಿಂದೆ ನಿಂತರು. ಬಡಿಸುವವನು ಒಬ್ಬನೇ, ಆ ಗದ್ದಲದಲ್ಲಿ ನನ್ನ ಎಲೆಯ ಕಡೆ ಬರಲೇ ಇಲ್ಲ. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಏನಾಯಿತೆಂದರೆ, ಮಾವ ಅನ್ನದ ಬುಟ್ಟಿ ಎತ್ತಿಕೊಂಡು ತಾವೇ ಬಡಿಸಲು ಶುರುಮಾಡಿದರು! ನನಗೊಬ್ಬನಿಗೇ ಅಲ್ಲ, ಇಡೀ ಪಂಕ್ತಿಗೆ. ಓವರ್ಸಿಯರಿಗೂ ಬಲವಂತ ಮಾಡಿ ಬಡಿಸಿದರು. ನಾನು ಬೇಡವೆಂದಷ್ಟೂ ಎಲೆಗೆ ಅನ್ನ ಬಿತ್ತು. ಕೊನೆಗೆ ಅವರ ಪಂಕ್ತಿಯ ಸರದಿ ಬಂತು. ದೊಡ್ಡ ಚೊಂಬಿನ ಮುಂದೆ ಮಾವ ಚಕ್ಕಳಮಕ್ಕಳ ಹಾಕಿ ಕೂತರು.

"ಅನ್ನ ಮುಗೀತು ಸ್ವಾಮಿ," ಎಂದ ಹೋಟೆಲಿನವನು. "ಮುದ್ದೇನೂ ಇಲ್ಲ. ಸಾರು ಬೇಕಾದಷ್ಟೈತೆ."

"ಸಾರು ಏನಕ್ಕೆ ಕಲಸ್ಕಳ್ಳಲಿ, ಚೊಂಬಿಗಾ?"

ಅದೇ ಆಯಿತು. ಹೊಳೆಯುವ ಚೊಂಬಿಗೆ ಸಾರು ಹಾಕಿಸಿಕೊಂಡು ಕುಡಿದು ಎದ್ದರು. ಗಾಡಿ ಊರು ಮುಟ್ಟುವ ಹೊತ್ತಿಗೆ, "ಚೊಂಬು ಚೆನ್ನಾಗಿ ತಿಕ್ಕವ್ಳೆ ಬಿಡು," ಎಂದರು.

ಇದೆಲ್ಲ ನಿಜವಾಗಿ ನಡೆಯಿತೆ? ವರ್ಷ ಕಳೆದಂತೆ ನನಗೆ ಅನುಮಾನ ಬಲಿಯಿತು. ಸ್ಕೂಲಿನ ಮೇಷ್ಟ್ರುಗಳಿಗೆ ಹೇಳಿದರೆ, "ಚೊಂಬನ್ನು ಅಳತೆ ನೋಡಿ ಜೋಡಿಸಿದಳೇ? ಕಥೆ ಚೆನ್ನಾಗಿ ಕಟ್ಟಿದ್ದೀರಿ" ಎಂದು ನಗುತ್ತಿದ್ದರು. ಅವ್ವನನ್ನು ಕೇಳಿದರೆ, "ಮಾರಿಕಣಿವೆ ಎಲ್ಲಿ ಬಂತು? ನೀವು ಹೋಗಿದ್ದು ಹಿರಿಯೂರಿಗೆ. ಹೊಟ್ಟೆ ತುಂಬ ಉಂಡು ಬಂದ್ವಿ ಅಂದಿದ್ದೆ ನೀನು" ಎನ್ನುತ್ತಿದ್ದಳು. ಹೊಟ್ಟೆ ತುಂಬಿದ್ದು ನಿಜ, ನನ್ನದು! ಸಾಕ್ಷಿ ಹೇಳಬೇಕಾದ ಮಾವನೋ, ಆ ಮಾತೆತ್ತಿದರೆ ಎಮ್ಮೆಗೆ ಹುಲ್ಲು ಹಾಕಲು ಎದ್ದುಹೋಗುತ್ತಿದ್ದರು. ರಜೆಗೆ ಹೋದಾಗಲೆಲ್ಲ ಮತ್ತೆ ಅವರು ಬಡಿಸುವುದು, ನಾನು ಉಣ್ಣುವುದು. "ನೀವೂ ಕೂರಿ ಮಾವ" ಎಂದರೆ, "ಮುಂದಿನ್ಸಲ ನೋಡಾಣ." ಮೆಲ್ಲಮೆಲ್ಲಗೆ, ಅಜ್ಜಿ, ಹುಣಸೆಹಣ್ಣು, ಎಲ್ಲವೂ ನಾನೇ ಹೆಣೆದದ್ದಿರಬೇಕೆಂದು ತೀರ್ಮಾನಿಸಿದ್ದೆ.

ಈ ಬೇಸಿಗೆಯಲ್ಲಿ ಹೊಸದುರ್ಗಕ್ಕೆ ಹೋಗಿದ್ದೆ. ಮಾವನಿಗೆ ಈಗ ಬುಟ್ಟಿ ಹಿಡಿದು ಬಗ್ಗಲು ಆಗದು, ಬಡಿಸುವ ಕೆಲಸ ಅವ್ವನದು. ಜನರ ಗುರುತೂ ಅಷ್ಟಾಗಿ ಹತ್ತುವುದಿಲ್ಲ. ಊಟಕ್ಕೆ ಮಾವ ಮೊದಲೇ ಬಂದು ಕೂತಿದ್ದರು. ಅವರ ಬಲಗಡೆಯ ಮಣೆಯ ಮೇಲೆ ವಲ್ಲಿ ಹಾಸಿತ್ತು. ನಾನು ಅದನ್ನು ಸರಿಸಿ ಕೂರಲು ಬಗ್ಗಿದೆ.

"ಅಲ್ಲಿ ಬ್ಯಾಡ್ರಿ!" ಎಂದರು ಮಾವ. "ಅದು ನನ್ನ ಅಳಿಯಂದು."

"ಅಣ್ಣಾ, ಅವನೇ ಇವನು!" ಎಂದಳು ಅವ್ವ.

ಮಾವ ನನ್ನ ನರೆತ ಮೀಸೆ ನೋಡಿ ಮರ್ಯಾದೆಗೆ ನಕ್ಕರು. "ಇವ್ರು ಯಾರೋ ದೊಡ್ಡೋರು. ನನ್ನ ಅಳಿಯ ಹುಡುಗ, ಮದ್ರಾಸಿಂದ ಈಗ ಬರ್ತಾನೆ."

"ಬರದೇ ಹೋದರೆ?" ಎಂದೆ.

"ಬರ್ತಾನೆ. ಹಿಂದೊಂದ್ಸಲ ಮಾರಿಕಣಿವೇಲಿ ಪಕ್ಕಪಕ್ಕ ಎಲೆ ಹೇಳಿದ್ದೆ ಕಣ್ರಿ. ಆ ಅಜ್ಜಿ ಚೊಂಬು ತಿಕ್ಕಿ ಎಲ್ಲ ಕೆಡಿಸಿಬಿಟ್ಲು. ಅವನ ಪಕ್ಕ ಕುಂತ್ಕಳಾಕಾಗ್ಲಿಲ್ಲ. ಅವನ್ಗೆ ಅದು ನೆಪ್ಪೈತೋ ಇಲ್ವೋ..." ಎಂದು ಆ ಮಣೆಯನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಎಡಗಡೆ ಕುಂತ್ಕಳ್ರಿ. ಅಲ್ಲಿ ಯಾರೂ ಇಲ್ಲ" ಎಂದರು.

ಕುಳಿತೆ. ಅವ್ವ ಬಡಿಸಿದಳು. ನಮ್ಮಿಬ್ಬರ ಮೊಣಕೈ ತಗಲಿತು.

"ಅವನಿಗೆ ನೆನಪಿದೆ," ಎಂದೆ.

ಮಾವ ಸಮಾಧಾನದಿಂದ ತಲೆಯಾಡಿಸಿದರು. ಆಚೆ ಕೈಯಿಂದ ಖಾಲಿ ಮಣೆಯ ಮೇಲಿನ ವಲ್ಲಿಯನ್ನು ಒಮ್ಮೆ ಸರಿಮಾಡಿ, ನನ್ನ ಪಕ್ಕದಲ್ಲಿ ಉಣ್ಣತೊಡಗಿದರು.