ಎರಡು ಹೊಡೆದಾಟಗಳಲ್ಲಿ ಯಾವುದು ಮೇಲು

ಯುದ್ಧದ ಬಗ್ಗೆ ಬಾಯಿತುಂಬ ಮಾತಾಡುವವರಲ್ಲಿ ಹೆಚ್ಚಿನವರು ಒಂದು ಏಟು ಕೊಟ್ಟವರೂ ಅಲ್ಲ, ತಿಂದವರೂ ಅಲ್ಲ. ನನ್ನನ್ನೇ ತಗೊಳ್ಳಿ. ಕುಶಾಲನಗರದ ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಎಷ್ಟೋ ಸಾಮ್ರಾಜ್ಯಗಳನ್ನು ಉರುಳಿಸಿದ್ದೇನೆ. ಆದರೆ ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ನಾನೇ ಸಾರಿ ಕೇಳುತ್ತೇನೆ. ಅಂಥವನ ಮನೆಯಲ್ಲಿ ಹೊಡೆದಾಟದ ವಿಡಿಯೋ ಗೇಮುಗಳು ಬಂದು ಕೂತವು, ಅದೂ ಒಂದಲ್ಲ, ಎರಡು.

ತಂದವನು ನನ್ನ ಹೆಂಡತಿ ಗಿರಿಜೆಯ ತಮ್ಮ ಚಂದ್ರು. ಟಿವಿ ರಿಪೇರಿ ಅಂಗಡಿಯವನು. ಗಿರಿಜೆಗೆ ಮಡಿಕೇರಿ ರಸ್ತೆಯಲ್ಲಿ ಟೈಲರಿಂಗ್ ಅಂಗಡಿ ಇತ್ತು. ಕೊಡವರ ಮದುವೆಗೆ ಹಾಕುವ ಉದ್ದ ತೋಳಿನ ರವಿಕೆ ಹೊಲಿಸಲು ದೂರದ ಶ್ರೀಮಂಗಲದಿಂದಲೂ ಹೆಂಗಸರು ಬರುತ್ತಿದ್ದರು. ಒಂದು ದಿನ ಅವಳ ಕೈಯಿಂದ ಕತ್ತರಿ ಜಾರಿತು. ಆಮೇಲೆ ಲೋಟ, ಆಮೇಲೆ ಬಾಚಣಿಗೆ. ಮೈಸೂರಿನ ಡಾಕ್ಟರು ನರದ ಕಾಯಿಲೆ ಅಂದರು. "ಹೋದ ಶಕ್ತಿ ವಾಪಸ್ ಬರಲ್ಲಮ್ಮ. ಇರೋದನ್ನ ಬಳಸ್ತಾ ಇರಿ, ಸುಸ್ತು ಮಾಡ್ಕೋಬೇಡಿ" ಎಂದರು. ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಗಿರಿಜೆ ಮನೆಗೆ ಬಂದವಳೇ ಅದನ್ನು ಪಕ್ಕದ ಮನೆಯ ನಾಯಿಗೆ ಕೊಟ್ಟಳು. ಆಗ ಚಂದ್ರು ಟಿವಿಗೆ ಸಿಕ್ಕಿಸುವ ಈ ಗೇಮಿನ ಯಂತ್ರ ಹೊತ್ತುಕೊಂಡು ಬಂದ. "ಬೆರಳಿಗೆ ಕೆಲಸ ಆಗುತ್ತಕ್ಕ, ಬೇಜಾರೂ ಆಗಲ್ಲ."

ಮೊದಲನೆಯ ಗೇಮಿನಲ್ಲಿ ಇಬ್ಬರು ಎದುರುಬದುರು ನಿಂತು ಅಂಗೈಯಿಂದ ಬೆಂಕಿಯುಂಡೆ ಎಸೆಯುತ್ತಾರೆ. ಬೆಂಕಿ ಬರಬೇಕಾದರೆ ಕೈಯಲ್ಲಿ ಹಿಡಿದ ರಿಮೋಟಿನ ಮೇಲೆ ಹೆಬ್ಬೆರಳನ್ನು ಕಾಲು ವೃತ್ತದಷ್ಟು ಉರುಳಿಸಿ ಸರಿಯಾದ ಗಳಿಗೆಗೆ ಬಟನ್ ಒತ್ತಬೇಕು. ಎರಡನೆಯದರಲ್ಲಿ ಒಬ್ಬರನ್ನೊಬ್ಬರು ಸುತ್ತು ಹಾಕಿ ಒದೆಯುತ್ತಾರೆ, ಮೂಳೆ ಮುರಿದ ಸದ್ದೂ ಕೇಳುತ್ತದೆ. ಅಲ್ಲಿ ಯಾವ ಬಟನ್ ಅಮುಕಿದರೂ ಏನೋ ಒಂದು ಒದೆ ಬಿದ್ದೇ ಬೀಳುತ್ತದೆ.

ಮೊದಲನೆಯದೇ ಮೇಲು ಅಂತ ಚಂದ್ರು. "ಅದ್ರಲ್ಲಿ ಕಲೆ ಇದೆ ಭಾವ. ಇದು ಬರೀ ಬಸ್ ಸ್ಟ್ಯಾಂಡ್ ಗಲಾಟೆ." ನಾನು ಎರಡನೆಯದರ ಪರ. ಯುದ್ಧತಂತ್ರದ ವಿಕಾಸ ಅಂತೆಲ್ಲ ಉಪನ್ಯಾಸ ಕೊಟ್ಟೆ. ನಿಜವಾದ ಕಾರಣ ಬೇರೆ ಇತ್ತು: ಅದರಲ್ಲಾದರೆ ಗಿರಿಜೆ ಗೆಲ್ಲುತ್ತಾಳೆ. ಅವಳು ಎರಡನ್ನೂ ಆಡಿ ನೋಡಿ ಮೊದಲನೆಯದನ್ನೇ ಆರಿಸಿದಳು. "ಇದ್ರಲ್ಲಿ ಸೋತ್ರೆ ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತೆ. ನಿಮ್ದ್ರಲ್ಲಿ ಗೆದ್ರೂ ಯಾಕೆ ಗೆದ್ದೆ ಅಂತ ಗೊತ್ತಾಗಲ್ಲ."

ಗೇಮಿನ ಹೊಡೆದಾಟಗಾರರಲ್ಲಿ ಗಡ್ಡ ಬಿಟ್ಟ ಒಬ್ಬ ಗಿಡ್ಡ ಮುದುಕನನ್ನು ತನ್ನವನನ್ನಾಗಿ ಮಾಡಿಕೊಂಡಳು. ಗುಂಡಿಗೆ ಕಾಜಾ ಹೊಲಿಯುವಾಗಿನ ಹಾಗೆ ತುಟಿ ಬಿಗಿಹಿಡಿದು ಬೆಂಕಿ ಎಸೆಯುವುದನ್ನು ಕಲಿತಳು. ಒಂದು ಸಲ ನಾನು ಬೇಕಂತಲೇ ಸೋತೆ. ಅವಳು ರಿಮೋಟನ್ನು ಕೆಳಗಿಟ್ಟು, "ಹೀಗೆ ಆಡೋದಾದ್ರೆ ಎದ್ದು ಹೋಗಿ ಪೇಪರ್ ತಿದ್ದಿ" ಎಂದಳು. ಅಲ್ಲಿಂದ ಮುಂದೆ ಪ್ರಾಮಾಣಿಕವಾಗಿಯೇ ಆಡಿದೆ, ಪ್ರಾಮಾಣಿಕವಾಗಿಯೇ ಸೋತೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಅವಳ ಬೆಂಕಿ ಅಪರೂಪವಾಯಿತು. ಹೆಬ್ಬೆರಳು ಅರ್ಧ ಉರುಳಿ ನಿಂತುಬಿಡುತ್ತಿತ್ತು. ಮುದುಕ ಸುಮ್ಮನೆ ಕುಕ್ಕರಿಸಿ ಏಟು ತಿನ್ನುತ್ತಿದ್ದ. ಒಂದು ಮಧ್ಯಾಹ್ನ ಅವಳು ಪರದೆಯನ್ನೇ ನೋಡುತ್ತಾ ಹೇಳಿದಳು, "ಆ ಇನ್ನೊಂದು ಹಾಕಿ."

ನಮ್ಮ ಸಂಸಾರದಲ್ಲಿ ನಾನು ಗೆದ್ದ ಮೊದಲ ವಾದ ಅದು. ಎದ್ದು ಡಿಸ್ಕ್ ಬದಲಾಯಿಸಿದೆ. ಅವಳು ಅಂಗೈಯಿಂದಲೇ ಬಟನ್‌ಗಳನ್ನೆಲ್ಲ ಒಟ್ಟಿಗೆ ಅಮುಕಿ ನನ್ನ ಮೂಳೆ ಮುರಿದಳು. ಗೆದ್ದಮೇಲೆ ಕಾಫಿ ಕೇಳಿದಳು, ನಾನು ಕುಡಿಸಿದೆ.

ಈಗ ಅದಕ್ಕೂ ಕೈ ಬಾರದು. ಹೋದ ಭಾನುವಾರ ಚಂದ್ರು ಬಂದಾಗ ಗಿರಿಜೆಯೇ ಉಪಾಯ ಹೇಳಿದಳು: ಮತ್ತೆ ಮೊದಲನೆಯ ಗೇಮು, ಅದೇ ಮುದುಕ, ತಲೆ ಅವಳದು, ಕೈ ನನ್ನದು, ಎದುರಾಳಿ ಚಂದ್ರು. ನನ್ನ ಭುಜಕ್ಕೆ ಒರಗಿ ಕೂತು ಹೇಳತೊಡಗಿದಳು. "ಹಿಂದೆ ಬನ್ನಿ. ಕಾಯಿರಿ. ಈಗ ಬೆಂಕಿ." ನಾನು ಒತ್ತುವಷ್ಟರಲ್ಲಿ ಚಂದ್ರು ಹಾರಿ ಬಂದಿರುತ್ತಿದ್ದ. "ಈಗ ಅಂದ್ರೆ ಈಗ. ಉರುಳಿಸಿ." ಉರುಳಿಸಿದೆ, ಮುದುಕ ಸುಮ್ಮನೆ ನೆಗೆದ. ಅವಳಿಗೆ ರೇಗಿತು.

"ಏನ್ರೀ, ನಿಮ್ಮ ಬೆರಳಿಗೇನು ರೋಗ?"

ಚಂದ್ರು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಮೊದಲು ನಕ್ಕವಳು ಗಿರಿಜೆಯೇ. ಕೈಯೆತ್ತಿ ಕಣ್ಣು ಒರೆಸಿಕೊಳ್ಳಲಾಗದೆ ನನ್ನ ಅಂಗಿಗೆ ಮುಖ ಉಜ್ಜಿ ಉಜ್ಜಿ ನಕ್ಕಳು. ಆಮೇಲೆ ಚಂದ್ರುವೂ ನಕ್ಕ. ನನಗೆ ಮಾತ್ರ ಆಗಲಿಲ್ಲ. ನಾನು ಇನ್ನೂ ಬಟನ್ ಹುಡುಕುತ್ತಲೇ ಇದ್ದೆ. ಮುದುಕ ಆಗಲೇ ಒದೆ ತಿಂದು ಅಂಗಾತ ಬಿದ್ದಿದ್ದ.